ಕಚ್ಚಿ ನೋಡಿದ್ಯಾ?

ಮದುವೆಯಾಗಿ ಶಿರಸಿ ಕಡೆಗೆ ಬಂದ ಮೊದಲ ವರ್ಷ. ಮಳೆಗಾಲದ ತರಕಾರಿ ಬೀಜವನ್ನೆಲ್ಲ ನಾಲ್ಕು ದಿನ ಒಣಗಿಸಿ, ಪ್ಲಾಸ್ಟಿಕ್ ಕೊಟ್ಟೆಗೆ ತುಂಬಿ, ಗಂಟು ಹಾಕಿ, ಹೆಸರು ಬರೆದು ಇಟ್ಟಿದ್ದೆ. ಮೇ ಕೊನೆಯಲ್ಲಿ ಬಿಚ್ಚಿದರೆ ಎಲ್ಲಕ್ಕೂ ಬೂಷ್ಟು. ಅತ್ತೆ ಕೇಳಿದ್ದು ಒಂದೇ ಮಾತು: ‘ಕಚ್ಚಿ ನೋಡಿದ್ಯಾ?’

ಅಳಸಂದೆ, ಅವರೆ ಬೀಜ ಕಚ್ಚಿದರೆ ಹಲ್ಲಿನ ಗುರುತು ಬೀಳಬಾರದು. ಮೊಗೆಕಾಯಿ (ಸಾಂಬಾರು ಸೌತೆ) ಬೀಜ ಬಗ್ಗಿಸಿದರೆ ಟಕ್ ಅಂತ ಮುರಿಯಬೇಕು. ಅಲ್ಲಿವರೆಗೆ ಮೊರದಲ್ಲಿ ಹರವಿ, ಗಾಳಿಯಾಡುವ ಕಡೆ ನೆರಳಲ್ಲೇ ಒಣಗಿಸುತ್ತೇನೆ. ಹತ್ತು ದಿನವಾದರೂ ಸರಿ, ಹದಿನೈದಾದರೂ ಸರಿ.

ಮೊಗೆ ಬೀಜಕ್ಕೆ ಅತ್ತೆಯ ದಾರಿಯೇ ನನ್ನದೂ. ಬಲಿತು ಹಣ್ಣಾದ ಕಾಯಿಯಿಂದ ಬೀಜ ತೆಗೆದು, ಒಲೆ ಬೂದಿಯಲ್ಲಿ ತಿಕ್ಕಿ ಒಣಗಿಸುವುದು. ಬೂದಿ ಲೋಳೆಯನ್ನೂ ಎಳೆದುಕೊಳ್ಳುತ್ತದೆ, ಹುಳವನ್ನೂ ದೂರ ಇಡುತ್ತದೆ. ಟೊಮೆಟೊ ಮಾತ್ರ ಎರಡು ದಿನ ನೀರಲ್ಲಿ ಕೊಳೆಸಿ ತೊಳೆಯುತ್ತೇನೆ. ವಾಸನೆ ಬರುತ್ತೆ, ಹಿತ್ತಿಲಲ್ಲಿಡಿ!

ಅವರೆಯದು ಬೇರೆ ಕಾಟ. ಕಾಯಿ ಗಿಡದಲ್ಲಿದ್ದಾಗಲೇ ಹುಳ ಮೊಟ್ಟೆ ಇಟ್ಟಿರುತ್ತದೆ, ಡಬ್ಬ ಎಷ್ಟು ಚೊಕ್ಕ ಇದ್ದರೂ ಆಮೇಲೆ ತೂತು ಬೀಳುತ್ತದೆ. ಪೂರ್ತಿ ಒಣಗಿದ ಬೀಜವನ್ನು ಗಾಜಿನ ಬಾಟಲಿಗೆ ಹಾಕಿ ಒಂದು ವಾರ ಫ್ರೀಜರ್‌ನಲ್ಲಿಡುತ್ತೇನೆ. ಹಸಿ ಇದ್ದರೆ ಹುಳದ ಜೊತೆ ಬೀಜವೂ ಸಾಯುತ್ತದೆ. ಹೊರಗೆ ತೆಗೆದ ಕೂಡಲೇ ಮುಚ್ಚಳ ತೆರೆಯಬಾರದು, ಒಳಗೆ ನೀರು ಕೂರುತ್ತದೆ. ಬಾಟಲಿಯ ತಣುಪು ಬಿಡುವವರೆಗೆ ಕಾಯಬೇಕು.

ಬಿಳಿ ಕಾಯಿ ಬಿಡುವ ಹಾಲುಬೆಂಡೆ ಕಳೆದುಕೊಂಡಿದ್ದು ಮಾತ್ರ ನನ್ನ ಸೋಮಾರಿತನದಿಂದ. ಪಕ್ಕದಲ್ಲೇ ಪೇಟೆಯ ಹಸಿರು ಬೆಂಡೆ ಹಾಕಿದ್ದೆ. ಜೇನು ಎರಡಕ್ಕೂ ಹೋಗಿ ಪರಾಗ ಬೆರೆಸುತ್ತದಲ್ವಾ? ಮರುವರ್ಷ ಬಂದ ಕಾಯಿ ಅತ್ತ ಬಿಳಿಯೂ ಅಲ್ಲ, ಇತ್ತ ಹಸಿರೂ ಅಲ್ಲ. ನೆಂಟರ ಮನೆಯಿಂದ ಮತ್ತೆ ನಾಲ್ಕು ಬೀಜ ಬೇಡಿ ತಂದೆ. ಈಗ ಮಾರನೇ ದಿನ ಅರಳುವ ಮೊಗ್ಗಿನ ತುದಿಗೆ ಸಂಜೆಯೇ ದಾರ ಕಟ್ಟುತ್ತೇನೆ, ಜೇನು ಒಳಗೆ ಹೋಗದ ಹಾಗೆ. ಬೆಂಡೆ ಹೂವಿಗೆ ತನ್ನದೇ ಪರಾಗ ಸಾಕು. ತೊಟ್ಟಿಗೆ ಕೆಂಪು ದಾರದ ಗುರುತು ಬೇರೆ, ಇಲ್ಲದಿದ್ದರೆ ಯಾರಾದರೂ ಕೊಯ್ದು ಪಲ್ಯ ಮಾಡಿಬಿಡುತ್ತಾರೆ.

ಮೇ ತಿಂಗಳಲ್ಲಿ ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿ ನೋಡುವುದು ರೂಢಿ. ಈ ಸಲ ಬೆಂಡೆ ಆರೇ ಮೊಳೆಯಿತು. ಬಿಸಾಡಲು ಮನಸ್ಸಾಗಲಿಲ್ಲ, ಕುಣಿಗೆ ಎರಡೆರಡು ಹಾಕಿದೆ.