ಎಡಗೈಗೆ ಕೆಲಸ ಹುಡುಕಿದ್ದು

ನಾನು ಹಾರ್ಮೋನಿಯಂ ಕಲಿತದ್ದು ಹಳ್ಳಿ ನಾಟಕದ ಮಾಸ್ತರರ ಹತ್ತಿರ. ಬಲಗೈ ಮನೆಗಳ ಮೇಲೆ, ಅಂದರೆ ಸ್ವರ ಒತ್ತುವ ಕೀಗಳ ಮೇಲೆ, ಎಡಗೈ ಗಾಳಿ ಊದುವ ತಿದಿಯ ಮೇಲೆ. ಇಪ್ಪತ್ತು ವರ್ಷ ಹೀಗೇ ನುಡಿಸಿದೆ. ದಾವಣಗೆರೆಯ ನಮ್ಮ ಚರ್ಚ್ ಸಭೆಗೆ ಕೀಬೋರ್ಡ್ ಬಂದಾಗ ಎಲ್ಲರಿಗೂ ಖುಷಿ. ನನಗೆ ಮಾತ್ರ ಎಡಗೈ ಎಲ್ಲಿಡೋದು ಅಂತಲೇ ತಿಳಿಯಲಿಲ್ಲ.

ಆ ಖಾಲಿ ಕೈ ಒಂದು ದಿನ ಮರ್ಯಾದೆ ತೆಗೆಯಿತು. ಹಿರಿಯರೊಬ್ಬರ ಮಣ್ಣಿಗೆ ಮುಂಚೆ ಚರ್ಚ್‌ನಲ್ಲಿ ಪ್ರಾರ್ಥನೆ ಇತ್ತು. ಬೆಳಿಗ್ಗೆ ಹುಡುಗರು ಪ್ರಾಕ್ಟೀಸ್ ಮಾಡಿ, ಸಿಂಕ್ ಸ್ಟಾರ್ಟ್ ಬಟನ್ ಆನ್ ಮಾಡಿ ಹಾಗೇ ಬಿಟ್ಟಿದ್ದರು. ಅದು ಆನ್ ಇದ್ದರೆ ಎಡಗಡೆಯ ಯಾವ ಮನೆ ಮುಟ್ಟಿದರೂ ರಿದಂ ಶುರುವಾಗುತ್ತೆ. ನಾನು ಸುಮ್ನೆ ಕೈ ಊರಿದೆ, ಅಷ್ಟೇ. ಡಿಸ್ಕೋ! ಬಟನ್ ಹುಡುಕುವಷ್ಟರಲ್ಲಿ ಎರಡು ಆವರ್ತ ಮುಗಿದಿತ್ತು. ಆಮೇಲೆ ಅವರ ಮನೆಯವರು ಏನೂ ಅನ್ನಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಅದಾದ ಮೇಲೆ ಬೆಂಗಳೂರಿಗೆ ಹೋದಾಗ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚ್‌ಗೆ ಹೋದೆ. ಅಲ್ಲಿ ನಿಜವಾದ ಪೈಪ್ ಆರ್ಗನ್ ಇದೆ, ಕೊಳವೆಗಳಿಗೆ ಗಾಳಿ ಹೊಗಿಸಿ ನುಡಿಸುವ ವಾದ್ಯ. ನುಡಿಸುವವರ ಪಕ್ಕ ನಿಂತು ನೋಡಿದೆ. ಅವರ ಎರಡು ಕೈಯಷ್ಟೇ ಅಲ್ಲ, ಎರಡು ಕಾಲೂ ನುಡಿಸುತ್ತಿದ್ದವು. ಎಳೆಯುವ ಗುಬುಟುಗಳ ಮೇಲೆ 8, 4, 16 ಅಂತ ಬರೆದಿತ್ತು. ಅದು ಅಡಿಯ ಲೆಕ್ಕ. 8 ಅಂದರೆ ಆ ಗುಬುಟು ನುಡಿಸುವ ಕೊಳವೆ ಸಾಲಿನಲ್ಲಿ ಅತಿ ಕೆಳಗಿನ ಸ್ವರದ ಕೊಳವೆ ಸುಮಾರು ಎಂಟು ಅಡಿ ಉದ್ದ. 4 ಎಳೆದರೆ ಒಂದು ಸ್ಥಾಯಿ ಮೇಲೆ, 16 ಎಳೆದರೆ ಒಂದು ಸ್ಥಾಯಿ ಕೆಳಗೆ. ಮನೆಯನ್ನು ಎಷ್ಟು ಜೋರಾಗಿ ಗುದ್ದಿದರೂ ದನಿ ಜಾಸ್ತಿ ಆಗೋದಿಲ್ಲ. ಬೆರಳೆತ್ತಿದ ತಕ್ಷಣ ನಿಂತುಹೋಗುತ್ತೆ. ಇದು ನಮ್ಮ ಹಾರ್ಮೋನಿಯಂ ಗುಣವೇ ಅಲ್ವಾ ಅನ್ನಿಸಿತು.

ಸಂಬಂಧ ಇರೋದೂ ನಿಜ. 1840ರ ದಶಕದಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬೆ ಮಾಡಿದ ಹಾರ್ಮೋನಿಯಂ ಕಾಲಿನಿಂದ ತುಳಿಯುವಂಥದ್ದು. ಕೊಳವೆಯ ಆರ್ಗನ್ ಕೊಳ್ಳಲಾಗದ ಸಣ್ಣ ಚರ್ಚ್‌ಗಳು ಅದನ್ನೇ ಇಟ್ಟುಕೊಂಡವು. ಆಮೇಲೆ ಕಲ್ಕತ್ತೆಯ ದ್ವಾರಕಾನಾಥ ಘೋಷ್ ನಮ್ಮವರು ನೆಲದ ಮೇಲೆ ಕೂತು ನುಡಿಸಲಿ ಅಂತ ಕಾಲಲ್ಲಿ ತುಳಿಯೋದನ್ನು ತೆಗೆದು ಕೈತಿದಿ ಇಟ್ಟರು. ನನ್ನ ಎಡಗೈ ಕಟ್ಟಿಬಿದ್ದದ್ದು ಅಲ್ಲಿಂದ!

ಊರಿಗೆ ಬಂದು ಒಂದೇ ರಾಗ ಹಿಡಿದು ಕೂತೆ. 'ಓಲ್ಡ್ ಹಂಡ್ರೆಡ್ತ್' ಅಂತಾರೆ, 1551ರ ಜಿನೀವಾ ಕೀರ್ತನೆ ಪುಸ್ತಕದ ರಾಗ. ನಾಲ್ಕು ಸಾಲು, ಸಾಲಿಗೆ ಎಂಟು ಸ್ವರ. ಮೊದಲ ಎರಡೂ 'ಸ'. ನಾನು ಎರಡನೇ 'ಸ'ಕ್ಕೆ ಎರಡೂ ಕೈ ಎತ್ತಿ ಒತ್ತುತ್ತಿದ್ದೆ. ರಾಗ ಬಿಕ್ಕಳಿಸಿದ ಹಾಗೆ ಕೇಳುತ್ತಿತ್ತು. ಎತ್ತದೇ ಇದ್ದರೆ ಎರಡು ಸ್ವರ ಅಂಟಿಕೊಂಡು ಒಂದೇ ಆಗುತ್ತಿತ್ತು. ಕೊನೆಗೆ ದಾರಿ ಸಿಕ್ಕಿತು. ರಾಗದ ಮೇಲಿನ ಸ್ವರವನ್ನು ಬಲಗೈ ಮತ್ತೆ ಒತ್ತಬೇಕು, ಅದರ ಜೊತೆಗೆ ನುಡಿಯುವ ಕೆಳಗಿನ ಸ್ವರಗಳನ್ನು ಎಡಗೈ ಬಿಡದೆ ಹಿಡಿದಿರಬೇಕು. ಬೆರಳು ಸಾಲದೇ ಹೋದರೆ ಮನೆ ಒತ್ತಿಕೊಂಡೇ ಬೆರಳು ಬದಲಿಸಬೇಕು, ತೋರುಬೆರಳಿನ ಜಾಗಕ್ಕೆ ಸದ್ದಿಲ್ಲದೆ ಹೆಬ್ಬೆರಳು. ಇದಕ್ಕೇ ಮೂರು ತಿಂಗಳು ಹೋಯಿತು. ಬೆರಳೆತ್ತಿದರೂ ಸ್ವರ ನಿಲ್ಲದಂತೆ ಮಾಡುವ ಸಸ್ಟೇನ್ ಪೆಡಲ್ ಕಿತ್ತು ಬೀರುವಿನಲ್ಲಿಟ್ಟೆ. ಅದಿದ್ದರೆ ಬೆರಳು ಸೋಮಾರಿಯಾಗುತ್ತವೆ.

ಇನ್ನೊಂದು ಬದಲಾವಣೆ ಮಾಡಿದೆ. ಕೊನೆಯ ಸಾಲು ಮೇಲಿನ 'ಪ'ದಿಂದ ಶುರು. ಬಿಳಿ ಐದರಲ್ಲಿ, ಅಂದರೆ ಐದನೇ ಬಿಳಿ ಮನೆಯನ್ನು 'ಸ' ಮಾಡಿ ಹಿಡಿದರೆ ಹಿಂದಿನ ಬೆಂಚಿನ ಅಜ್ಜಿಯರು ಅಲ್ಲಿಗೆ ಬಾಯಿ ಮುಚ್ಚಿಬಿಡುತ್ತಿದ್ದರು. ಬಿಳಿ ನಾಲ್ಕಕ್ಕೆ ಇಳಿಸಿದೆ. ಪ್ರತಿ ಸಾಲಿನ ಕೊನೆಗೆ ಅರ್ಧ ಮಾತ್ರೆ ಎಲ್ಲ ಬೆರಳನ್ನೂ ಎತ್ತಿದೆ, ಜನ ಉಸಿರು ತಗೊಳ್ಳಲಿ ಅಂತ. ಒಬ್ಬ ಅಜ್ಜಿ ಬಂದು, "ಇವತ್ತು ಪೆಟ್ಟಿಗೆ ನಮ್ ಜೊತೆ ನಡೀತಪ್ಪಾ, ಮುಂದೆ ಓಡ್ಲಿಲ್ಲ" ಅಂದರು.

ನಮ್ಮ ಕ್ವಾಯರ್ (ಚರ್ಚ್ ಹಾಡುಗಾರರ ತಂಡ) ಗ್ರೂಪ್‌ನಲ್ಲಿ ಯಾರಾದರೂ ದಿನಾ ಒಂದು ವಿದೇಶಿ ವಿಡಿಯೊ ಹಾಕಿ, "ಅಣ್ಣಾ, ಸ್ಟ್ಯಾಂಡರ್ಡ್ ಅಂದ್ರೆ ಇದು" ಅಂತಾರೆ. ಯಾವ ದೇಶದ ಸ್ಟ್ಯಾಂಡರ್ಡ್ ಅಂತ ನನ್ನ ಪ್ರಶ್ನೆ. ಜರ್ಮನಿಯಲ್ಲಿ ಚರ್ಚ್ ಸಂಗೀತಕ್ಕೇ ಬೇರೆ ಪರೀಕ್ಷೆ ಇದೆ, ಅಲ್ಲಿನ ಆರ್ಗನ್ ಕಟ್ಟುವ ಕಸುಬು 2017ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಇಂಗ್ಲೆಂಡಿನ ದೊಡ್ಡ ಕೆಥೆಡ್ರಲ್‌ಗಳ ಸಂಜೆ ಪ್ರಾರ್ಥನೆಯಲ್ಲಿ ಹಾಡೋದು ಹೆಚ್ಚಾಗಿ ಕ್ವಾಯರ್, ಜನ ಕೇಳುತ್ತಾರೆ. ಆರ್ಥೊಡಾಕ್ಸ್ ಚರ್ಚ್‌ಗಳು ಹೆಚ್ಚಿನ ಕಡೆ ವಾದ್ಯವನ್ನೇ ಸೇರಿಸೋದಿಲ್ಲ. ನಾನು ಮೂರು ತಿಂಗಳು ಒದ್ದಾಡಿದ ಆ ರಾಗ ಇದೆಯಲ್ಲ, ಅದು ಹುಟ್ಟಿದ ಕಾಲಕ್ಕೆ ಜಿನೀವಾದ ಚರ್ಚ್‌ಗಳಲ್ಲಿ ಆರ್ಗನ್ ನುಡಿಸುತ್ತಿರಲಿಲ್ಲ, ಜನ ಬರೀ ಬಾಯಲ್ಲೇ ಹಾಡುತ್ತಿದ್ದರು! ಕ್ಯಾಥೊಲಿಕರಿಗೆ 1903ರಲ್ಲಿ ಪೋಪ್ ಹತ್ತನೇ ಪಿಯುಸ್ ಚರ್ಚ್‌ನೊಳಗೆ ಪಿಯಾನೊ ಬೇಡ ಅಂದಿದ್ದರು. 1963ರ ವ್ಯಾಟಿಕನ್ ಸಭೆ ಪೈಪ್ ಆರ್ಗನ್‌ಗೆ ದೊಡ್ಡ ಮರ್ಯಾದೆ ಕೊಟ್ಟು, ಯೋಗ್ಯವಾದರೆ ಬೇರೆ ವಾದ್ಯವೂ ಆಗಬಹುದು ಅಂದಿತು.

ನನಗೆ ಹೆಚ್ಚು ಇಷ್ಟವಾದದ್ದು ಫಿಲಿಪ್ಪೀನ್ಸ್‌ನ ಲಾಸ್ ಪಿನ್ಯಾಸ್ ಚರ್ಚ್. 1824ರಲ್ಲಿ ಮುಗಿದ ಅಲ್ಲಿನ ಆರ್ಗನ್‌ನಲ್ಲಿ 1,031 ಕೊಳವೆ, ಅದರಲ್ಲಿ 902 ಬಿದಿರಿನವು. ದಿಯೇಗೊ ಸೆರಾ ಅನ್ನೋ ಪಾದ್ರಿ ಊರಲ್ಲಿ ಸಿಗೋ ಬಿದಿರನ್ನೇ ಕೊಯ್ದು ಮಾಡಿಸಿದ್ದು. ಆ ವಿಡಿಯೊವನ್ನು ಗ್ರೂಪ್‌ಗೆ ನಾನೇ ಹಾಕಿದೆ. ಯಾರೂ ಏನೂ ಬರೆಯಲಿಲ್ಲ, ಒಂದು ಹೆಬ್ಬೆಟ್ಟು ಬಂತು.

ಈಗ ಉಳಿದಿರೋದು ಕರೆಂಟಿನ ಕಾಟ. ಹೋದ ಭಾನುವಾರ ಮೂರನೇ ಚರಣದ ನಡುವೆ ಹೋಯಿತು. ಸಭೆ ಹಾಡು ನಿಲ್ಲಿಸಲಿಲ್ಲ. ನಾನು ಮೂಲೆಯಲ್ಲಿದ್ದ ಹಾರ್ಮೋನಿಯಂ ಎಳೆದುಕೊಂಡೆ, ಎಡಗೈ ತಾನಾಗಿಯೇ ತಿದಿಗೆ ಹೋಯಿತು. ಕೆಳಗಿನ ಸ್ವರ ಹಿಡಿಯುವವರಿಲ್ಲ! ಅದಕ್ಕೇ ಹಳೇ ಕಾಲುಪೆಟ್ಟಿಗೆ, ಅಂದರೆ ಕಾಲಲ್ಲಿ ತುಳಿಯುವ ಹಾರ್ಮೋನಿಯಂ, ಹುಡುಕುತ್ತಿದ್ದೇನೆ. ಚಿತ್ರದುರ್ಗದ ಕಡೆ ಒಬ್ಬ ನಾಟಕದ ಮಾಸ್ತರರ ಮನೆ ಅಟ್ಟದ ಮೇಲೆ ಒಂದಿದೆಯಂತೆ. ದನಿ ಹೊರಡಿಸುವ ರೀಡ್ ಚೆನ್ನಾಗಿವೆ, ತಿದಿಯನ್ನು ಇಲಿ ಕಡಿದಿದೆ ಅಂದರು. ಬರುವ ಗುರುವಾರ ಹೋಗಿ ನೋಡಬೇಕು.