21 ಕಿ.ಮೀ. ಓಡಬೇಕಾ? ಮೊದಲು ನಿಧಾನ ಓಡೋದು ಕಲಿಯಿರಿ

ನನ್ನ ಮೊದಲ ಹಾಫ್ ಮ್ಯಾರಥಾನ್‌ನಲ್ಲಿ (ಅದೇ 21 ಕಿ.ಮೀ. ಓಟ) ಮೊದಲ ಐದು ಕಿ.ಮೀ. ಹಾರಿಕೊಂಡೇ ಹೋದೆ. ಕಿಲೋಮೀಟರಿಗೆ 5 ನಿಮಿಷ 20 ಸೆಕೆಂಡ್! ಸುತ್ತ ಜನ, ಡೊಳ್ಳು, ಚಪ್ಪಾಳೆ, ಕಾಲು ನನ್ನ ಮಾತು ಕೇಳಲೇ ಇಲ್ಲ. 15 ದಾಟುವಾಗ ತೊಡೆ ಕಲ್ಲಾಯ್ತು. ಉಳಿದಿದ್ದನ್ನು ನಡೆದೇ ಮುಗಿಸಿದೆ. ಬಿಳಿ ಬನಿಯನ್ ಹಾಕಿದ್ದ ಅಜ್ಜ ಒಬ್ಬರು "ಬಾ ತಮ್ಮಾ, ಇಲ್ಲೇ ಐತಿ" ಅಂತ ಕರೆಯುತ್ತಲೇ ನನ್ನನ್ನು ದಾಟಿ ಹೋದರು.

ಈಗ ಅಭ್ಯಾಸ ಮಾಡೋದು ಗಂಗಾವತಿ ಹತ್ತಿರ, ತುಂಗಭದ್ರಾ ಎಡದಂಡೆ ಕಾಲುವೆಯ ಏರಿ ಮೇಲೆ. ಮಣ್ಣಿನ ದಾರಿ, ಮೊಣಕಾಲಿಗೆ ಡಾಂಬರಿಗಿಂತ ಹಿತ. ಭತ್ತದ ಕೊಯ್ಲಿನ ದಿನಗಳಲ್ಲಿ ಟ್ರ್ಯಾಕ್ಟರ್‌ಗೆ ದಾರಿ ಬಿಡಬೇಕು, ನಾಯಿಗಳ ಜೊತೆ ರಾಜಿ ಮಾಡ್ಕೋಬೇಕು, ಅಷ್ಟೇ.

ನಿಲ್ಲದೆ ಐದು ಕಿ.ಮೀ. ಓಡಬಲ್ಲಿರಾದರೆ 12 ವಾರ ಸಾಕು. ವಾರಕ್ಕೆ ನಾಲ್ಕು ದಿನ ಓಡಿ: ಮೂರು ದಿನ ಚಿಕ್ಕ ಓಟ, ಭಾನುವಾರ ಉದ್ದದ ಓಟ. ಉದ್ದದ್ದು 8 ಕಿ.ಮೀ.ನಿಂದ ಶುರುವಾಗಲಿ, ವಾರಕ್ಕೆ ಒಂದು, ಒಂದೂವರೆ ಕಿ.ಮೀ. ಹೆಚ್ಚಿಸಿ, ಪ್ರತಿ ನಾಲ್ಕನೇ ವಾರ ಸ್ವಲ್ಪ ಇಳಿಸಿ. 17-18 ಮುಟ್ಟಿದರೆ ಆಯ್ತು, 21 ಓಡಿ ನೋಡಲೇಬೇಕು ಅಂತಿಲ್ಲ. ಕೊನೆಯ ವಾರ ಬರೀ ಕಾಲು ಸಡಿಲ ಮಾಡುವಷ್ಟು ಓಡಿ.

ವೇಗ ಎಷ್ಟಿರಬೇಕು? ಓಡುತ್ತಾ ಹದಿಮೂರರ ಮಗ್ಗಿ ಹೇಳಿ. ಪೂರ್ತಿ ಹೇಳಲು ಆದರೆ ಸರಿ. ಹದಿಮೂರ್ನಾಲ್ಕಲಿಗೇ ಏದುಸಿರು ಬಂದರೆ ಜಾಸ್ತಿ ಆಯ್ತು, ಇಳಿಸಿ. (ಮಗ್ಗಿಯೇ ಮರೆತುಹೋಗಿದ್ದರೆ ಅದು ಬೇರೆ ವಿಷಯ!) ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮಾಮೂಲಿ, ಹಾಗಾಗಿ ಬೆಳಗ್ಗೆ ಐದಕ್ಕೇ ಹೊರಡಿ. ಆದರೂ ಸೆಕೆಯಲ್ಲಿ ಮೈ ತಂಪಾಗಿಸಲು ರಕ್ತ ಚರ್ಮದ ಕಡೆಗೆ ಹರಿಯುತ್ತದೆ, ಕಾಲಿಗೆ ಕಡಿಮೆ ಸಿಗುತ್ತದೆ, ಅಷ್ಟೇ ಶ್ರಮಕ್ಕೆ ವೇಗ ಇಳಿದೇ ಇಳಿಯುತ್ತದೆ. ವಾಚ್ ನೋಡಿ ಬೇಜಾರು ಮಾಡ್ಕೋಬೇಡಿ.

ಕಾಲುವೆ ದಾರಿಯಲ್ಲಿ ದಿಬ್ಬವೇ ಇಲ್ಲವಲ್ಲ, ಅದಕ್ಕೆ ಹದಿನೈದು ದಿನಕ್ಕೊಮ್ಮೆ ಹನುಮನ ಗುಡಿಯಿರುವ ಅಂಜನಾದ್ರಿ ಬೆಟ್ಟ. 575 ಮೆಟ್ಟಿಲು. ಶನಿವಾರ ಮಾತ್ರ ಹೋಗಬೇಡಿ, ಭಕ್ತರ ಸಾಲಿನಲ್ಲಿ ಓಡೋಕೆ ಜಾಗವೆಲ್ಲಿ? ಇಳಿಯುವಾಗ ನಡೆದೇ ಇಳಿಯಿರಿ.

ಓಟದ ದಿನದ ಲೆಕ್ಕ ಇದು. 2 ಗಂಟೆ 20 ನಿಮಿಷದ ಗುರಿ ಅಂದರೆ ಕಿಲೋಮೀಟರಿಗೆ ಸುಮಾರು 6:40 (6 ನಿಮಿಷ 40 ಸೆಕೆಂಡ್). ಮೊದಲ ಮೂರನ್ನು 6:50ರಲ್ಲಿ ಓಡಿ. ಕಳೆದುಕೊಳ್ಳೋದು ಬರೀ 30 ಸೆಕೆಂಡ್. ಎಲ್ಲರೂ ದಾಟಿ ಹೋಗ್ತಾರೆ, ಹೋಗಲಿ ಬಿಡಿ. 16ರವರೆಗೆ 6:40, ಆಮೇಲೆ ಉಳಿದ ಶಕ್ತಿ ಎಲ್ಲಾ ಸುರಿಯಿರಿ. 2018ರ ಬರ್ಲಿನ್ ಮ್ಯಾರಥಾನ್‌ನಲ್ಲಿ (ಅದು ಪೂರ್ತಿ 42 ಕಿ.ಮೀ.) ಕೀನ್ಯಾದ ಓಟಗಾರ ಕಿಪ್ಚೋಗೆ 2:01:39ರ ವಿಶ್ವದಾಖಲೆ ಮಾಡಿದಾಗಲೂ ದ್ವಿತೀಯಾರ್ಧವೇ ವೇಗವಾಗಿತ್ತು.

ಒಂದು ಗಂಟೆಗೂ ಮೀರಿ ಓಡುವಾಗ ಹೊಟ್ಟೆಗೆ ಏನಾದರೂ ಬೇಕು. ನಾನು ಬೀಜ ತೆಗೆದ ಖರ್ಜೂರ ಜೇಬಲ್ಲಿ ಇಟ್ಕೊಳ್ತೀನಿ. ಶೇಂಗಾ ಚಿಕ್ಕಿ ಒಮ್ಮೆ ಪ್ರಯತ್ನಿಸಿದೆ, ಪುಡಿ ಗಂಟಲಿಗೆ ಹೋಗಿ ಕೆಮ್ಮುತ್ತಾ ಏರಿ ಮೇಲೇ ಕೂತೆ. ನಿಂಬೆಹಣ್ಣು, ಸಕ್ಕರೆ, ಚಿಟಿಕೆ ಉಪ್ಪಿನ ನೀರು ಸಾಕಾಗುತ್ತದೆ, ಆದರೆ ಅದನ್ನೂ ಭಾನುವಾರಗಳಲ್ಲೇ ಕುಡಿದು ನೋಡಿರಿ. ಹಿಂದಿನ ರಾತ್ರಿ ಅನ್ನ ಸಾರು ಉಣ್ಣಿ. ಮಂಡಕ್ಕಿ ಮಿರ್ಚಿ ಓಟ ಮುಗಿದ ಮೇಲೆ.