ಮನೆ ಕಂಪ್ಯೂಟರ್‌ಗೆ ಎಷ್ಟು ರ‍್ಯಾಮ್ ಬೇಕು: ಅಳೆದು ಹಾಕಿದ ನನ್ನ ಅನುಭವ

ನಮ್ಮ ದಾವಣಗೆರೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರನ್ನು ರ‍್ಯಾಮ್ ಬಗ್ಗೆ ಕೇಳಿದರೆ ಎರಡೇ ಉತ್ತರ. ಗಿರಾಕಿ ಜೇಬು ಗಟ್ಟಿ ಇದ್ದರೆ 16 ಜಿಬಿ, ಇಲ್ಲದಿದ್ದರೆ 8. ನಾನು ಒಂದು ವಾರ ಅಳೆದು ಆಮೇಲೆ ಹೇಳುತ್ತೇನೆ ಅಂದಾಗ ಪಕ್ಕದ ಅಂಗಡಿಯವರು, 'ಏನಪ್ಪಾ, ಕಂಪ್ಯೂಟರ್‌ಗೂ ಜಾತಕ ನೋಡ್ತೀಯಾ?' ಅಂತ ನಕ್ಕಿದ್ದರು. 2023ರಲ್ಲಿ ಅವರು ನಕ್ಕಿದ್ದರಲ್ಲೂ ಅರ್ಥವಿತ್ತು. ಆಗ ಡಿಡಿಆರ್4 ಅನ್ನುವ ಬಗೆಯ 8 ಜಿಬಿ ರ‍್ಯಾಮ್ ಸ್ಟಿಕ್ ಒಂದೂವರೆ ಸಾವಿರದ ಆಸುಪಾಸಿಗೆ ಸಿಗುತ್ತಿತ್ತು. ಅಳೆಯುತ್ತಾ ಕೂರುವ ಬದಲು ಇನ್ನೊಂದು ಹಾಕಿ ಕಳಿಸಿದರೆ ಮುಗಿಯಿತು, ಅಲ್ವಾ? 2025ರ ಕೊನೆಗೆ ಲೆಕ್ಕ ತಿರುಗಿತು. ಎಐ ಡೇಟಾ ಸೆಂಟರ್‌ಗಳು ಮೆಮೊರಿಯನ್ನೆಲ್ಲ ಬಾಚಿಕೊಂಡು ಬೆಲೆ ಎರಡು ಮೂರು ಪಟ್ಟಾಯಿತು. ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ಕ್ರೂಶಿಯಲ್ ಹೆಸರಿನ ತನ್ನ ರ‍್ಯಾಮ್ ಮಾರಾಟವನ್ನೇ ನಿಲ್ಲಿಸುವುದಾಗಿ ಹೇಳಿತು. ಅಲ್ಲಿಂದ ಜಾತಕ ನೋಡಿಸುವವರು ಜಾಸ್ತಿಯಾದರು. ನಕ್ಕವರೂ ಈಗ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ.

ಶುರುವಿನಲ್ಲಿ ಹಿಡಿದ ದಾರಿ ಒಂದೂ ದಡ ಸೇರಲಿಲ್ಲ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ 'ಇನ್ ಯೂಸ್' (ಎಷ್ಟು ರ‍್ಯಾಮ್ ಬಳಕೆಯಲ್ಲಿದೆ) ನೋಡಿದೆ. ಅದೇ ಮನೆ, ಅದೇ ಕೆಲಸ. 4 ಜಿಬಿ ಇದ್ದಾಗ ಮೂರೂವರೆ ಬಳಸುತ್ತಿದ್ದದ್ದು 16 ಹಾಕಿದ ಮೇಲೆ ಆರು ಬಳಸಿತು. ಹಾಸಿಗೆ ಇದ್ದಷ್ಟು ಕಾಲು ಚಾಚುವುದರಲ್ಲಿ ವಿಂಡೋಸ್ ಬಲು ಜಾಣ. ಆಮೇಲೆ ಒಂದೊಂದು ಪ್ರೋಗ್ರಾಂ ತಿನ್ನುವುದನ್ನು ಬರೆದುಕೊಂಡು ಕೂಡಿಸಿದೆ. ಬ್ರೌಸರ್‌ನ ಹತ್ತಾರು ಪ್ರೊಸೆಸ್‌ಗಳು ಮೆಮೊರಿಯ ಕೆಲವು ತುಂಡುಗಳನ್ನು (ಪೇಜ್) ಹಂಚಿಕೊಂಡಿರುತ್ತವೆ. ವರ್ಕಿಂಗ್ ಸೆಟ್, ಅಂದರೆ ಒಂದೊಂದು ಪ್ರೊಸೆಸ್ ಹಿಡಿದ ರ‍್ಯಾಮ್, ಕೂಡಿಸಿದರೆ ಒಂದೇ ಜಾಗ ನಾಲ್ಕು ಸಲ ಎಣಿಕೆಯಾಗಿ ಮೊತ್ತ ಎಲ್ಲೋ ಹೋಗುತ್ತದೆ. ಗಿರಾಕಿಯನ್ನೇ ಕೇಳುವುದಂತೂ ದಂಡ. 'ಬರೀ ಯೂಟ್ಯೂಬ್ ನೋಡೋದು ಸಾರ್' ಅನ್ನದವರು ಇಲ್ಲ.

ಕೊನೆಗೆ ಕೈ ಹಿಡಿದದ್ದು ಇದು. ನನ್ನದೇ 16 ಜಿಬಿ ಸೆಟ್ ಒಂದು ವಾರ ಎರವಲು ಹಾಕಿ ಬರುತ್ತೇನೆ. ವಿಂಡೋಸ್‌ನಲ್ಲೇ ಇರುವ ಅಳತೆ ಪ್ರೋಗ್ರಾಂ ಪರ್ಫ್‌ಮಾನ್‌ನಲ್ಲಿ ಮೂರು ಕೌಂಟರ್ ಮಾತ್ರ ಇಡುತ್ತೇನೆ: ಕಮಿಟೆಡ್ ಬೈಟ್ಸ್ (ಪ್ರೋಗ್ರಾಂಗಳು ತಮಗೆ ಅಂತ ಬರೆಸಿಕೊಂಡ ಒಟ್ಟು ಮೆಮೊರಿ, ಚಿಕ್ಕದಾಗಿ ಕಮಿಟ್), ಅವೈಲಬಲ್ ಎಂಬೈಟ್ಸ್ (ಬಳಸಲು ಸಿಗುವ ರ‍್ಯಾಮ್), ಪೇಜಸ್ ಇನ್‌ಪುಟ್ (ರ‍್ಯಾಮ್‌ನಲ್ಲಿ ಇಲ್ಲದ ಪೇಜ್‌ಗಳನ್ನು ಸೆಕೆಂಡಿಗೆ ಎಷ್ಟು ಡಿಸ್ಕಿನಿಂದ ಓದಿತು). ಅರ್ಧ ನಿಮಿಷಕ್ಕೊಂದು ಸಲ ಬರೆದುಕೊಳ್ಳಲಿ ಅಂತ ಬಿಡುತ್ತೇನೆ. ವಾರ ಆದ ಮೇಲೆ ಫೈಲ್ ತೆಗೆದು ಕಮಿಟ್ ಯಾವ ಹೊತ್ತಿಗೆ ತುದಿ ಮುಟ್ಟಿತು ಅಂತ ಹುಡುಕುತ್ತೇನೆ. ಸರಾಸರಿ ನೋಡುವುದೇ ಇಲ್ಲ. ಮನೆಯವರು ಬೈಯುವುದು ಸರಾಸರಿ ಹೊತ್ತಿನಲ್ಲಿ ಅಲ್ಲ.

ಆದರೆ ಕಮಿಟ್ 14 ಅಂದರೆ 14 ಜಿಬಿ ಬೇಕು ಅಂತಲ್ಲ. ಪ್ರೋಗ್ರಾಂಗಳು ಬರೆಸಿಕೊಂಡಷ್ಟನ್ನೂ ಮುಟ್ಟುವುದಿಲ್ಲ. ಅದಕ್ಕೇ ಎರಡನೇ ಹಂತ. ವಿಂಡೋಸ್‌ನ ಸೆಟ್ಟಿಂಗ್ ಪ್ರೋಗ್ರಾಂ ಎಂಎಸ್‌ಕಾನ್ಫಿಗ್‌ನ ಬೂಟ್ ಟ್ಯಾಬ್‌ನಲ್ಲಿ ಮ್ಯಾಕ್ಸಿಮಮ್ ಮೆಮೊರಿಗೆ ಟಿಕ್ ಹಾಕಿ ಮಿತಿ ಕಟ್ಟಿ, 16 ಇರುವ ಮೆಷಿನ್ನನ್ನೇ 12, 8, 6 ಅಂತ ಇಳಿಸುತ್ತಾ ಹೋಗುವುದು. ಮನೆಯವರಿಗೆ ಹೇಳುವುದಿಲ್ಲ. ಗೊಣಗಾಟ ಯಾವ ದಿನ ಶುರುವಾಯಿತೋ ಅದರ ಹಿಂದಿನ ಅಂಕಿಯೇ ಉತ್ತರ.

ಇಲ್ಲೊಂದು ಎಡವುವ ಜಾಗ ಇದೆ. ಅಲ್ಲಿ 8192 ಎಂಬಿ ಅಂತ ಹಾಕಿದರೆ ಪೂರ್ತಿ 8 ಸಿಗುವುದಿಲ್ಲ. ಅದು ಕಟ್ಟುವುದು ಮೆಮೊರಿ ಅಡ್ರೆಸ್‌ನ (ಜಾಗದ ನಂಬರಿನ) ಮೇಲಿನ ಅಂಚನ್ನು. 4 ಜಿಬಿ ಗೆರೆಯ ಕೆಳಗೆ ಮದರ್‌ಬೋರ್ಡು ತನ್ನ ಸಾಮಾನುಗಳಿಗೆ ಹಿಡಿದ ಜಾಗವೂ ಅದರೊಳಗೇ ಬರುತ್ತದೆ. ಎಷ್ಟು ಜಾಸ್ತಿ ಹಾಕಬೇಕು ಅನ್ನುವ ನನ್ನ ಪಟ್ಟಿ ಬೋರ್ಡಿಗೆ ಒಂದೊಂದು ಥರ ಇದೆ. ಅದನ್ನು ಕೊಡುವುದಿಲ್ಲ, ಹೊಟ್ಟೆಪಾಡು ನೋಡಿ. ಟಾಸ್ಕ್ ಮ್ಯಾನೇಜರ್ ತೋರಿಸುವ ಮೊತ್ತ ನೋಡಿಕೊಂಡು ನೀವೂ ಪಟ್ಟಿ ಮಾಡಿಕೊಳ್ಳಬಹುದು. ವಾಪಸ್ ಕೊಡುವ ಮುಂಚೆ ಟಿಕ್ ತೆಗೆಯುವುದನ್ನಂತೂ ಮರೆಯಬೇಡಿ. ಬೇರೆ ಕಡೆಯಿಂದ ನನ್ನಲ್ಲಿಗೆ ಬಂದ ಒಂದು ಮೆಷಿನ್‌ನಲ್ಲಿ 8 ಜಿಬಿಯ ಅರ್ಧ 'ಹಾರ್ಡ್‌ವೇರ್ ರಿಸರ್ವ್ಡ್' ಅಂತ ಕೂತಿತ್ತು. ಪಾಪ, ಆ ಮನೆಯವರು ಬೋರ್ಡೇ ಹೋಗಿದೆ ಅಂತ ಹೊಸದಕ್ಕೆ ದುಡ್ಡು ಹೊಂದಿಸುತ್ತಿದ್ದರು. ಒಂದು ಟಿಕ್ ತೆಗೆದೆ, ನೂರು ರೂಪಾಯಿ ತಗೊಂಡೆ.

ಒಂದು ಮನೆಯ ಕಥೆ ಹೇಳುತ್ತೇನೆ. ರಿಟೈರ್ಡ್ ಮೇಷ್ಟ್ರು, ಏಳನೇ ತಲೆಮಾರಿನ ಐ3, 8 ಜಿಬಿ, ಎಸ್‌ಎಸ್‌ಡಿ. 'ಸಂಜೆಯಾದ್ರೆ ಎಮ್ಮೆ ಥರ ಮಲಗಿಬಿಡುತ್ತಪ್ಪ' ಅನ್ನುತ್ತಿದ್ದರು. ನುಡಿಯಲ್ಲಿ ಟೈಪ್ ಮಾಡುವವರಿಗೆ 8 ಸಾಲದಾ ಅಂತ ನನಗೂ ಅನ್ನಿಸಿತು. ಮೊದಲ ಎರಡು ದಿನ ಅವರ 8ರಲ್ಲೇ ಲಾಗ್ ಇಟ್ಟೆ. ರಾತ್ರಿ ಎಂಟರ ಹೊತ್ತಿಗೆ ಅವೈಲಬಲ್ ಮುನ್ನೂರು ಎಂಬಿಗೆ ಬಿದ್ದಿತ್ತು. ಪೇಜಸ್ ಇನ್‌ಪುಟ್ ಸಾವಿರ ದಾಟಿ ಐದಾರು ನಿಮಿಷ ಅಲ್ಲೇ ನಿಂತಿತ್ತು. ಹೋಗಿ ಪಕ್ಕದಲ್ಲಿ ಕೂತು ನೋಡಿದರೆ, ಬೆಳಗ್ಗೆ ಓದಿದ ನಾಲ್ಕು ಇ-ಪೇಪರ್ ಹಾಗೇ ತೆರೆದಿವೆ. ಪುಟ ಪುಟವೂ ದೊಡ್ಡ ಚಿತ್ರ. ವಾಟ್ಸಾಪ್ ವೆಬ್ ಇದೆ, ಯೂಟ್ಯೂಬ್ ಇದೆ, ಇನ್ನೊಂದು ಬ್ರೌಸರ್‌ನಲ್ಲಿ ಮೇಡಂ ಅವರ ಸೀರಿಯಲ್ಲು. 'ಸಾರ್, ಓದಿದ್ದನ್ನ ಮುಚ್ಚಬಾರ್ದಾ?' ಅಂದೆ. 'ಅರ್ಧ ಓದಿರ್ತೀನಿ ಕಣಯ್ಯಾ' ಅಂದರು. ನನ್ನ 16ರಲ್ಲಿ ಕಮಿಟ್ 14ರ ಹತ್ತಿರ ಹೋಯಿತು. 8ಕ್ಕೆ ಕಟ್ಟಿದಾಗ ಮತ್ತೆ ಎಮ್ಮೆ, 12ಕ್ಕೆ ಕಟ್ಟಿದರೆ ಸಲೀಸು. ಇದ್ದ 8ರ ಪಕ್ಕ ಒಂದು ಹಳೇ 4 ಜಿಬಿ ಹಾಕಿದೆ. ಖರ್ಚು ಸಾವಿರದ ಒಳಗೆ. 12 ಅನ್ನುವ ಅಂಕಿಯನ್ನು ಯಾವ ಅಂಗಡಿಯವರೂ ಬಾಯಿಬಿಟ್ಟು ಹೇಳುವುದಿಲ್ಲ. 8 ಮತ್ತು 4 ಜೊತೆ ಕೂರುವುದಿಲ್ಲ ಅಂತ ಹೆದರಿಸುವವರೂ ಇದ್ದಾರೆ. ಕೂರುತ್ತದೆ. ಎಂಟರಷ್ಟು ಡ್ಯುಯಲ್ ಚಾನೆಲ್‌ನಲ್ಲಿ (ಎರಡೂ ಸ್ಟಿಕ್‌ಗೆ ಒಟ್ಟಿಗೆ ಹೋಗಿಬರುವ ವೇಗದ ದಾರಿ) ಓಡುತ್ತದೆ, ಉಳಿದದ್ದು ಸಿಂಗಲ್‌ನಲ್ಲಿ.

ಅದೇ ಬೀದಿಯ ಎಂಜಿನಿಯರಿಂಗ್ ಹುಡುಗ 32 ಬೇಕೇ ಬೇಕು ಅಂತ ಅಪ್ಪನ ತಲೆ ತಿಂದಿದ್ದ. ಪೈಥಾನ್, ಸಿ, ಹತ್ತು ಟ್ಯಾಬು, ಅಷ್ಟೇ. 8ಕ್ಕೆ ಕಟ್ಟಿ ವಾರ ಬಿಟ್ಟೆ, ಅವನಿಗೆ ಗೊತ್ತೇ ಆಗಲಿಲ್ಲ. ಒಂದು ವರ್ಷದ ಮೇಲೆ ಆಂಡ್ರಾಯ್ಡ್ ಸ್ಟುಡಿಯೋ, ಎಮ್ಯುಲೇಟರ್ ಶುರು ಮಾಡಿದಾಗ 16 ಬೇಕಾಯಿತು, ಹಾಕಿಕೊಟ್ಟೆ. 32ರ ಮಾತು ಮತ್ತೆ ಬರಲಿಲ್ಲ.

ಈ ದಾರಿಗೆ ಬಂಡವಾಳ ಬೇಕು. ಡೆಸ್ಕ್‌ಟಾಪ್ ಡಿಡಿಆರ್4 ಒಂದು ಸೆಟ್, ಲ್ಯಾಪ್‌ಟಾಪಿನದು ಒಂದು, ಹಳೇ ಮೆಷಿನ್‌ಗೆ ಡಿಡಿಆರ್3 ಒಂದು. ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ ಹಾಕಿದೆ. ಅದರಲ್ಲಿ ಒಂದು ಸೆಟ್ ಪುಣೆಗೆ ಹೋಯಿತು. ಬಾಡಿಗೆ ಮನೆಯವರು ವಾರದ ಮಧ್ಯೆ ಸಾಮಾನು ಕಟ್ಟಿ ಹೊರಟರು, ಫೋನ್ ಸ್ವಿಚ್ ಆಫ್. ಆಮೇಲಿಂದ ಎರಡು ಸಾವಿರ ಡಿಪಾಸಿಟ್ ಇಸ್ಕೊಂಡೇ ಸ್ಟಿಕ್ ಹಾಕುವುದು. ಅಳತೆಗೆ ನಾನ್ನೂರು, ನನ್ನಲ್ಲೇ ಕೊಂಡರೆ ಬಿಲ್‌ನಲ್ಲಿ ವಜಾ. ಡಿಡಿಆರ್3 ವಿಷಯದಲ್ಲಿ ಇನ್ನೊಂದು ಏಟು ಬಿತ್ತು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಬಂದ ಸ್ಟಿಕ್‌ಗಳು ಎಎಂಡಿ ಬೋರ್ಡಿಗೆ ಮಾತ್ರ ಅಂತ ಪೆಟ್ಟಿಗೆ ಮೇಲೂ ಇರಲಿಲ್ಲ. ಇಂಟೆಲ್ ಬೋರ್ಡುಗಳಲ್ಲಿ ಬರೀ ಬೀಪ್. ವಾಪಸ್ ತಗೊಳ್ಳಲಿಲ್ಲ. ಈಗ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋದಾಗ ಎದುರಿಗೇ ಬೋರ್ಡಿಗೆ ಹಾಕಿಸಿ ನೋಡಿಯೇ ತರುತ್ತೇನೆ.

ಸುಮ್ನೆ ಕುತೂಹಲಕ್ಕೆ ಮಾಡಿದವೂ ಕೆಲವು ಇವೆ. ಪೆನ್‌ಡ್ರೈವನ್ನು ಮೆಮೊರಿಯ ನೆರವಿಗೆ ಬಳಸುವ, ವಿಂಡೋಸ್ ವಿಸ್ಟಾ ಕಾಲದ ರೆಡಿಬೂಸ್ಟ್ ಹಾಕಿ ನೋಡಿದೆ, ಎಸ್‌ಎಸ್‌ಡಿ ಇದ್ದರೆ ವಿಂಡೋಸ್ ಬೇಡವೇ ಬೇಡ ಅಂತ ಹೇಳಿತು. 8 ಜಿಬಿಯಲ್ಲಿ ಪೇಜ್ ಫೈಲ್ (ರ‍್ಯಾಮ್ ಸಾಲದಾಗ ವಿಂಡೋಸ್ ಡಿಸ್ಕಿನಲ್ಲಿ ಬಳಸುವ ಜಾಗ) ಪೂರ್ತಿ ತೆಗೆದೆ. ಎರಡು ಜಿಬಿ ಖಾಲಿ ಇರುವಾಗಲೇ ಕ್ರೋಮ್ ಟ್ಯಾಬ್‌ಗಳು ಸಾಯತೊಡಗಿದವು. ರ‍್ಯಾಮ್, ಪೇಜ್ ಫೈಲ್ ಎರಡೂ ಸೇರಿದ್ದೇ ಕಮಿಟ್‌ನ ಮಿತಿ, ಅದು ಮುಟ್ಟಿದರೆ ಖಾಲಿ ಜಾಗ ಇದ್ದೂ ಪ್ರಯೋಜನ ಇಲ್ಲ. ಚೆನ್ನಾಗಿ ಫಲ ಕೊಟ್ಟದ್ದು ಒಂದು 8 ತೆಗೆದು ಡ್ಯುಯಲ್ ಚಾನೆಲ್ ಆಗಲಿ ಅಂತ ಎರಡು 4 ಹಾಕಿದ್ದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ರೈಜನ್ (ಎಎಂಡಿ ಪ್ರೊಸೆಸರ್) ಮೆಷಿನ್‌ನಲ್ಲಿ ಮಗು ಆಡುವ ಗೇಮ್ ಸೆಕೆಂಡಿಗೆ ಮೂವತ್ತು ಫ್ರೇಮಿನಿಂದ ನಲವತ್ತು ದಾಟಿತು. ಆ ರೈಜನ್‌ಗಳಲ್ಲಿ ಗ್ರಾಫಿಕ್ಸ್‌ಗೆ ಅಂತ 2 ಜಿಬಿ ಮೊದಲೇ ಹೋಗಿರುವುದುಂಟು. 8 ಹಾಕಿದರೂ 5.9 ಅಂತ ತೋರಿಸಿದಾಗ ಗಿರಾಕಿ ಜಗಳಕ್ಕೆ ಬರುತ್ತಾರೆ, ಮುಂಚೆಯೇ ಹೇಳಿಬಿಡಿ.

ಇಷ್ಟು ದಿನದ ಲಾಗ್‌ಗಳನ್ನು ನೋಡಿದರೆ ನಮ್ಮ ಕಡೆಯ ಹತ್ತು ಮನೆಗಳಲ್ಲಿ ಆರೇಳಕ್ಕೆ 8 ಸಾಕು, ಎರಡಕ್ಕೆ 12. ಉಳಿದವು 16. ಹಾರ್ಡ್ ಡಿಸ್ಕ್ ಇನ್ನೂ ಇರುವ ಮೆಷಿನ್ ಬಂದರೆ ಅಳೆಯುವುದೇ ಇಲ್ಲ, ಮೊದಲು ಎಸ್‌ಎಸ್‌ಡಿ ಹಾಕಿಸಿ ಅನ್ನುತ್ತೇನೆ. ಬೋರ್ಡಿಗೇ ಬೆಸುಗೆ ಹಾಕಿದ ರ‍್ಯಾಮ್‌ನ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಮಾತ್ರ ನನ್ನ ಅಳತೆ ಮೂಲೆಗೆ. ಆಮೇಲೆ ಸೇರಿಸಲು ಆಗದ ಕಡೆ 16ಕ್ಕಿಂತ ಕಮ್ಮಿ ತಗೋಬೇಡಿ ಅಂತ ನಾನೇ ಹೇಳಿ ಕಳಿಸುತ್ತೇನೆ, ನಾನ್ನೂರು ತಗೊಳ್ಳದೆ.